ಗಗನಸಖಿ ಆಗಬೇಕಾ? ಪಿಯುಸಿ ಸಾಕು, ಲಕ್ಷ ರೂಪಾಯಿ ಕೋರ್ಸ್ ಕಡ್ಡಾಯ ಅಲ್ಲ: ಅರ್ಜಿಯಿಂದ ಮೊದಲ ಹಾರಾಟದವರೆಗೆ ಪೂರ್ತಿ ಮಾಹಿತಿ

ಪಿಯುಸಿ ರಿಸಲ್ಟ್ ಬಂದ ವಾರದಲ್ಲೇ ಬಸ್ ಸ್ಟ್ಯಾಂಡ್ ಗೋಡೆ, ಜೆರಾಕ್ಸ್ ಅಂಗಡಿ ಬಾಗಿಲು, ವಾಟ್ಸಾಪ್ ಗ್ರೂಪು ಎಲ್ಲ ಕಡೆ ಒಂದೇ ಥರದ ಜಾಹೀರಾತು ಕಾಣುತ್ತದೆ. 'ಏರ್ ಹೋಸ್ಟೆಸ್ ಆಗಿ, ನೂರಕ್ಕೆ ನೂರು ಕೆಲಸ ಗ್ಯಾರಂಟಿ'. ಫೀಸು ಕೇಳಿದರೆ ಲಕ್ಷದ ಮೇಲೆ. ಮಗಳ ಆಸೆ ಅಂತ ಅಪ್ಪ ಅಂಗಡಿ ಮೇಲೆ ಸಾಲ ಎತ್ತುತ್ತಾನೆ, ಅಮ್ಮ ಬಳೆ ಅಡ ಇಡುತ್ತಾಳೆ. ವರ್ಷ ಕಳೆದ ಮೇಲೆ ಕೈಯಲ್ಲಿ ಉಳಿಯುವುದು ಒಂದು ಸರ್ಟಿಫಿಕೇಟು, ಕೆಲಸ ಇನ್ನೂ ಹುಡುಕಬೇಕು. ದುಡ್ಡು ಕಟ್ಟುವ ಮುಂಚೆ ಈ ಕೆಲಸ ನಿಜವಾಗಿ ಹೇಗೆ ಸಿಗುತ್ತದೆ, ಯಾರಿಗೆ ಸಿಗುತ್ತದೆ, ಎಲ್ಲಿ ಮೋಸ ಆಗುತ್ತದೆ ಅನ್ನುವುದು ಗೊತ್ತಿರಬೇಕು. ಅದರ ಪೂರ್ತಿ ವಿವರ ಇಲ್ಲಿದೆ.

ಕೆಲಸ ಅಂದ್ರೆ ಏನು?

ಊಟ, ನೀರು ಕೊಡುವುದು, ನಗುತ್ತಾ ನಮಸ್ಕಾರ ಹೇಳುವುದು ಇಷ್ಟೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಕಾನೂನಿನ ದೃಷ್ಟಿಯಲ್ಲಿ ಕ್ಯಾಬಿನ್ ಕ್ರೂ ಇರುವುದು ಪ್ರಯಾಣಿಕರ ಸುರಕ್ಷತೆಗೆ. ಅದಕ್ಕೇ ವಿಮಾನದಲ್ಲಿ ಸುಮಾರು 50 ಸೀಟಿಗೆ ಒಬ್ಬರಂತೆ ಸಿಬ್ಬಂದಿ ಇರಲೇಬೇಕು ಎಂಬ ನಿಯಮ ಇದೆ. ಸಣ್ಣ ಊರುಗಳಿಗೆ ಬರುವ ಎಟಿಆರ್ 72 ವಿಮಾನದಲ್ಲಿ ಇಬ್ಬರು, 180 ಸೀಟಿನ ಏರ್‌ಬಸ್ ಎ320 ವಿಮಾನದಲ್ಲಿ ನಾಲ್ವರು ಇರುವುದು ಈ ಲೆಕ್ಕದಲ್ಲೇ.

2024ರ ಜನವರಿ 2ರಂದು ಟೋಕಿಯೊದ ಹನೇಡಾ ವಿಮಾನ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಇಳಿಯುವಾಗ ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. ಒಳಗಿದ್ದ 379 ಮಂದಿಯೂ ಜೀವಂತ ಹೊರಬಂದರು. ಒಳಗಿನ ಮೈಕ್ ಕೆಟ್ಟಿತ್ತು. ಸಿಬ್ಬಂದಿ ಮೆಗಾಫೋನ್ ಹಿಡಿದು, ಕೂಗಿ ಕೂಗಿ ಜನರನ್ನು ಸರಿಯಾದ ಬಾಗಿಲಿನ ಕಡೆ ಕಳಿಸಿದರು. ನಮ್ಮ ದೇಶದ ನೀರಜಾ ಭನೋಟ್ ಅವರ ಹೆಸರು ಎಲ್ಲರಿಗೂ ಗೊತ್ತು. 1986ರ ಸೆಪ್ಟೆಂಬರ್ 5ರಂದು ಕರಾಚಿಯಲ್ಲಿ ಅಪಹರಣವಾದ ಪ್ಯಾನ್ ಆ್ಯಮ್ ವಿಮಾನದಲ್ಲಿ ಪ್ರಯಾಣಿಕರನ್ನು ಉಳಿಸಲು ಹೋಗಿ ಪ್ರಾಣ ಕೊಟ್ಟರು, ಮರಣೋತ್ತರವಾಗಿ ಅಶೋಕ ಚಕ್ರ ಸಿಕ್ಕಿತು. ಆಗ ಅವರಿಗೆ ಇನ್ನೂ 23 ತುಂಬಿರಲಿಲ್ಲ. ಸೀರೆ, ಲಿಪ್‌ಸ್ಟಿಕ್ ಹಿಂದೆ ಇರುವ ನಿಜವಾದ ಕೆಲಸ ಇದು.

ಅರ್ಹತೆ: ಏನಿರಬೇಕು, ಏನಿಲ್ಲದಿದ್ದರೂ ನಡೆಯುತ್ತೆ

ವಯಸ್ಸು: ಕನಿಷ್ಠ 18 ತುಂಬಿರಬೇಕು. ಹೊಸಬರಿಗೆ ಮೇಲ್ಮಿತಿ ಸಾಮಾನ್ಯವಾಗಿ 27. ಅನುಭವ ಇದ್ದವರಿಗೆ ಇನ್ನೂ ಸ್ವಲ್ಪ ಸಡಿಲ.

ಓದು: ಪಿಯುಸಿ ಪಾಸು. ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಾದರೂ ಸರಿ. ಡಿಗ್ರಿ ಕಡ್ಡಾಯ ಇಲ್ಲ. ಆದರೂ ಡಿಗ್ರಿ ಮುಗಿಸಿಕೊಂಡರೆ ಒಳ್ಳೆಯದು, ಯಾಕೆ ಅನ್ನುವುದು ಕೆಳಗಿದೆ.

ಎತ್ತರ: ಹುಡುಗಿಯರಿಗೆ ಹೆಚ್ಚಿನ ಕಂಪನಿಗಳಲ್ಲಿ ಕನಿಷ್ಠ 155 ಸೆಂ.ಮೀ., ಅಂದರೆ ಸುಮಾರು 5 ಅಡಿ 1 ಇಂಚು. ಹುಡುಗರಿಗೆ 170 ಸೆಂ.ಮೀ. ಆಸುಪಾಸು. ಎತ್ತರದ ನಿಯಮ ಚಂದಕ್ಕೆ ಅಲ್ಲ. ಸೀಟಿನ ಮೇಲಿನ ಬ್ಯಾಗ್ ಡಬ್ಬಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್, ಆಕ್ಸಿಜನ್ ಇಡುತ್ತಾರೆ, ಅದಕ್ಕೆ ಕೈ ಎಟುಕಬೇಕು.

ತೂಕ: ಎತ್ತರಕ್ಕೆ ತಕ್ಕಂತೆ ಇರಬೇಕು. ಇದಕ್ಕೆ ಬಿಎಂಐ ಲೆಕ್ಕ ಹಾಕುತ್ತಾರೆ. ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಬೇಕು. ಹುಡುಗಿಯರಿಗೆ 18ರಿಂದ 22, ಹುಡುಗರಿಗೆ 18ರಿಂದ 25 ಇದ್ದರೆ ಸರಿ. 160 ಸೆಂ.ಮೀ. ಎತ್ತರದ ಹುಡುಗಿಯ ತೂಕ ಸುಮಾರು 46ರಿಂದ 56 ಕೆ.ಜಿ. ಒಳಗೆ ಬರಬೇಕು. 155 ಸೆಂ.ಮೀ. ಇದ್ದರೆ ಸುಮಾರು 43ರಿಂದ 53 ಕೆ.ಜಿ.

ಟ್ಯಾಟೂ: ಯೂನಿಫಾರ್ಮ್ ಹಾಕಿದಾಗ ಕಾಣುವ ಜಾಗದಲ್ಲಿ ಇರಬಾರದು. ಜಾತ್ರೆಯಲ್ಲಿ ಮುಂಗೈಗೆ ಹಾಕಿಸಿದ ಹಚ್ಚೆಯೂ ಇದರ ಲೆಕ್ಕಕ್ಕೇ ಬರುತ್ತದೆ. ಮುಖ, ಕೈ ಮೇಲೆ ಎದ್ದು ಕಾಣುವ ದೊಡ್ಡ ಗಾಯದ ಕಲೆ ಇದ್ದರೂ ಪ್ರಶ್ನೆ ಬರುತ್ತದೆ.

ಭಾಷೆ: ಇಂಗ್ಲಿಷ್ ಮತ್ತು ಹಿಂದಿ ಎರಡೂ ಮಾತಾಡಲು ಬರಬೇಕು. ತಾಲ್ಲೂಕಿನ ಮಕ್ಕಳು ಹೆಚ್ಚಾಗಿ ಸೋಲುವುದು ಇಲ್ಲೇ. ಬಣ್ಣಕ್ಕೂ ಅಲ್ಲ, ಊರಿಗೂ ಅಲ್ಲ, ಮಾತಿಗೆ. ಕನ್ನಡ ಶಾಲೆಯಲ್ಲಿ ಓದಿದ್ದು ಅಡ್ಡಿ ಅಲ್ಲ. ತಡವರಿಸದೆ ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಲು ಬಾರದಿರುವುದೇ ಅಡ್ಡಿ. ಹುಬ್ಬಳ್ಳಿ, ಬೆಳಗಾವಿ, ಮಂಗಳೂರು, ಶಿವಮೊಗ್ಗ ಮಾರ್ಗದ ವಿಮಾನದಲ್ಲಿ ಕನ್ನಡ ಬಲ್ಲ ಸಿಬ್ಬಂದಿ ಇದ್ದರೆ ಮೊದಲ ಸಲ ವಿಮಾನ ಹತ್ತಿದ ಅಜ್ಜಿಗೆ ಎಷ್ಟು ಧೈರ್ಯ ಅನ್ನುವುದು ಹತ್ತಿದವರಿಗೇ ಗೊತ್ತು. ಹಾಗಾಗಿ ಕನ್ನಡ ಬರುತ್ತೆ ಅಂತ ಅರ್ಜಿಯಲ್ಲಿ ಮರೆಯದೆ ಬರೆಯಬೇಕು.

ಈಜು: ಕೆಲವು ಕಂಪನಿಗಳು ಕೇಳುತ್ತವೆ, ಕೆಲವು ಕೇಳಲ್ಲ. ನೀರಿನ ಭಯ ಇಲ್ಲದಿದ್ದರೆ ತರಬೇತಿ ಹಗುರ.

ಹಾಗಾದ್ರೆ ಕೋರ್ಸ್ ಬೇಕಾ?

ಇದೇ ಮುಖ್ಯ ಪ್ರಶ್ನೆ. ಖಾಸಗಿ ಸಂಸ್ಥೆಯ ಏವಿಯೇಷನ್ ಡಿಪ್ಲೊಮಾ ಇದ್ದರೇ ಕೆಲಸ ಅಂತ ಯಾವ ನಿಯಮವೂ ಇಲ್ಲ. ವಿಮಾನಯಾನದ ಮೇಲ್ವಿಚಾರಣೆ ನೋಡುವ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಹೇಳುವ ತರಬೇತಿಯನ್ನು ಆಯ್ಕೆಯಾದ ಮೇಲೆ ವಿಮಾನ ಕಂಪನಿಯೇ ಕೊಡುತ್ತದೆ. ಡಿಪ್ಲೊಮಾ ಇದ್ದವಳಿಗೂ ಅದೇ ತರಬೇತಿ, ಇಲ್ಲದವಳಿಗೂ ಅದೇ ತರಬೇತಿ. ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋದ ಅನುಭವಸ್ಥರೂ ಮತ್ತೆ ಕಲಿಯಬೇಕು, ಯಾಕಂದ್ರೆ ವಿಮಾನದ ಮಾದರಿ ಬದಲಾದರೆ ಬಾಗಿಲು ತೆಗೆಯುವ ರೀತಿಯೂ ಬದಲಾಗುತ್ತದೆ.

ಎಲ್ಲ ಸಂಸ್ಥೆಗಳೂ ಮೋಸ ಅಂತಲ್ಲ. ಮಾತಾಡುವ ಧೈರ್ಯ, ಇಂಗ್ಲಿಷ್, ಮೇಕಪ್, ಸಂದರ್ಶನದ ಅಭ್ಯಾಸ ಚೆನ್ನಾಗಿ ಹೇಳಿಕೊಡುವವರೂ ಇದ್ದಾರೆ. ಆದರೆ ಅದಕ್ಕೆ ಎಷ್ಟು ಕೊಡಬೇಕು ಅಂತ ಯೋಚಿಸಬೇಕು. ಸೇರುವ ಮುಂಚೆ ಈ ನಾಲ್ಕು ಪ್ರಶ್ನೆ ಕೇಳುವುದು ಒಳ್ಳೆಯದು:

- ಹೋದ ವರ್ಷ ಎಷ್ಟು ಮಂದಿ ಸೇರಿದರು, ಅದರಲ್ಲಿ ಎಷ್ಟು ಮಂದಿ ಕ್ಯಾಬಿನ್ ಕ್ರೂ ಆದರು? ಅವರಲ್ಲಿ ಇಬ್ಬರ ಜೊತೆ ಮಾತಾಡಿಸ್ತೀರಾ?
- 'ಪ್ಲೇಸ್‌ಮೆಂಟ್' ಅಂದರೆ ಯಾವ ಕೆಲಸ? ವಿಮಾನದಲ್ಲೋ, ಹೋಟೆಲ್ ರಿಸೆಪ್ಷನ್‌ನಲ್ಲೋ, ಮಾಲ್‌ನಲ್ಲೋ?
- ಕೆಲಸ ಸಿಗದಿದ್ದರೆ ಫೀಸು ವಾಪಸ್ ಕೊಡ್ತೀರಾ? ಹಾಗಂತ ಬರೆದು ಸಹಿ ಹಾಕಿ ಕೊಡ್ತೀರಾ?
- ಹುಡುಗಿಯ ಎತ್ತರ 150 ಸೆಂ.ಮೀ. ಇದೆ, ಸೇರಿಸಿಕೊಳ್ತೀರಾ?

ಕೊನೆಯ ಪ್ರಶ್ನೆಗೆ 'ಸೇರಿಸಿ, ನೋಡೋಣ' ಅಂತ ಉತ್ತರ ಬಂದರೆ ಅಲ್ಲಿಂದ ಎದ್ದು ಬರುವುದೇ ವಾಸಿ. ಅಳತೆಪಟ್ಟಿ ಹಿಡಿದು ಅಂಗಡಿಯಲ್ಲೇ ನೋಡಬಹುದಾದ ಸಂಗತಿ ಅದು. ಅದಕ್ಕೆ ಒಂದು ವರ್ಷ, ಒಂದು ಲಕ್ಷ ಬೇಡ.

ಮೊದಲು ಪಾಸ್‌ಪೋರ್ಟ್, ಅದಕ್ಕೂ ಮೊದಲು ಹೆಸರು

ಅರ್ಜಿ ಹಾಕುವ ಮುಂಚೆ ಪಾಸ್‌ಪೋರ್ಟ್, ಪ್ಯಾನ್, ಆಧಾರ್ ಸಿದ್ಧ ಇರಬೇಕು. 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ 1,500 ರೂ. ಶುಲ್ಕ. ತತ್ಕಾಲ್ ಆದರೆ ಇನ್ನೂ 2,000 ರೂ. ಹೆಚ್ಚು. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ತುಂಬಿ ದಿನಾಂಕ ತೆಗೆದುಕೊಳ್ಳಬೇಕು. ಹಲವು ಜಿಲ್ಲೆಗಳಲ್ಲಿ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇರುವುದರಿಂದ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಆಮೇಲೆ ಠಾಣೆಯಿಂದ ಪೊಲೀಸ್ ಪರಿಶೀಲನೆ ಆಗುತ್ತದೆ.

ನಮ್ಮ ಕಡೆ ಎಡವಟ್ಟು ಆಗುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿ ಪೂರ್ತಿ ಹೆಸರು, ಪ್ಯಾನ್‌ನಲ್ಲಿ ಮತ್ತೊಂದು ಥರ. ಪಾಸ್‌ಪೋರ್ಟ್‌ನಲ್ಲಿ ಇನಿಶಿಯಲ್ ಬಿಡಿಸಿ ಬರೆಯಬೇಕಾಗುತ್ತದೆ. ಹುಟ್ಟಿದ ದಿನಾಂಕವೂ ಕೆಲವರಿಗೆ ಶಾಲೆಯಲ್ಲಿ ಒಂದು, ಜನನ ಪ್ರಮಾಣಪತ್ರದಲ್ಲಿ ಒಂದು. ಆಯ್ಕೆಯಾದ ಮೇಲೆ ದಾಖಲೆ ಹೊಂದದೆ ಸೇರುವ ದಿನ ಮುಂದಕ್ಕೆ ಹೋಗುವ ಸ್ಥಿತಿ ಬರಬಾರದು ಅಂದರೆ, ಪಿಯುಸಿ ಓದುವಾಗಲೇ ಎಲ್ಲ ಕಾಗದದಲ್ಲೂ ಹೆಸರು, ದಿನಾಂಕ ಒಂದೇ ಆಗಿಸಿಕೊಳ್ಳಬೇಕು.

ಇನ್ನೊಂದು ವಿಷಯ. ವಿಮಾನ ನಿಲ್ದಾಣದ ಒಳಗೆ ಓಡಾಡಲು ಪ್ರವೇಶ ಪಾಸ್ ಬೇಕು, ಅದಕ್ಕೆ ಹಿನ್ನೆಲೆ ಪರಿಶೀಲನೆ ನಡೆಯುತ್ತದೆ. ಠಾಣೆಯಲ್ಲಿ ಕೇಸು ಇದ್ದರೆ ಅದನ್ನು ಮುಚ್ಚಿಡಲು ಆಗುವುದಿಲ್ಲ.

ಅರ್ಜಿ ಎಲ್ಲಿ ಹಾಕಬೇಕು?

ಇಂಡಿಗೋ, ಏರ್ ಇಂಡಿಯಾ, ಏರ್ ಇಂಡಿಯಾ ಎಕ್ಸ್‌ಪ್ರೆಸ್, ಆಕಾಸ ಏರ್, ಸ್ಪೈಸ್‌ಜೆಟ್, ಸ್ಟಾರ್ ಏರ್ ಈಗ ದೇಶದಲ್ಲಿ ಹಾರುತ್ತಿರುವ ಕಂಪನಿಗಳಲ್ಲಿ ಮುಖ್ಯವಾದವು. ವಿಸ್ತಾರಾ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾ ಜೊತೆ ಸೇರಿಹೋಗಿದೆ, ಆ ಹೆಸರಿನಲ್ಲಿ ಈಗ ಯಾರಾದರೂ ಕೆಲಸ ಕೊಡಿಸ್ತೀವಿ ಅಂದರೆ ನಂಬಬಾರದು. ಪ್ರತಿ ಕಂಪನಿಯ ಸ್ವಂತ ಜಾಲತಾಣದಲ್ಲಿ 'ಕರಿಯರ್ಸ್' ಅನ್ನುವ ಪುಟ ಇರುತ್ತದೆ. ವಾಕ್-ಇನ್ ಸಂದರ್ಶನದ ಊರು, ದಿನಾಂಕ ಎಲ್ಲ ಅಲ್ಲೇ ಹಾಕುತ್ತಾರೆ. ಅರ್ಜಿಗೆ ಶುಲ್ಕ ಇಲ್ಲ. ಕೆಲವು ಕಂಪನಿಗಳು ಹುಡುಗಿಯರನ್ನು ಮಾತ್ರ ಕರೆಯುತ್ತವೆ, ಕೆಲವು ಹುಡುಗರನ್ನೂ ತೆಗೆದುಕೊಳ್ಳುತ್ತವೆ. ಪ್ರಕಟಣೆ ಪೂರ್ತಿ ಓದಿಯೇ ಬಸ್ ಹತ್ತಬೇಕು.

ಕೆಲಸ ಇದೆಯಾ ಅಂದರೆ, ಇದೆ. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನ, ಅದೇ ಜೂನ್‌ನಲ್ಲಿ ಇಂಡಿಗೋ 500 ವಿಮಾನ ಖರೀದಿಸುವುದಾಗಿ ಪ್ರಕಟಿಸಿದವು. ಇವು ವರ್ಷಗಟ್ಟಲೆ ಬರುತ್ತಾ ಇರುತ್ತವೆ. ಒಂದೊಂದು ವಿಮಾನಕ್ಕೂ ಪಾಳಿ ಮೇಲೆ ಹಲವು ತಂಡ ಬೇಕು.

ಸಂದರ್ಶನದ ದಿನ ಏನೇನು ನಡೆಯುತ್ತೆ?

ಮೊದಲು ದಾಖಲೆ ನೋಡುತ್ತಾರೆ. ಆಮೇಲೆ ಎತ್ತರ, ತೂಕ, ಕೈ ಎಟುಕು. ಹೆಚ್ಚಿನವರು ಮನೆಗೆ ಹೋಗುವುದು ಈ ಹಂತದಲ್ಲೇ. ನಂತರ ತನ್ನ ಪರಿಚಯ ಹೇಳುವುದು, ವಿಮಾನದ ಘೋಷಣೆಯನ್ನು ಗಟ್ಟಿಯಾಗಿ ಓದುವುದು, ಗುಂಪಿನಲ್ಲಿ ಚರ್ಚೆ, ಕೆಲವು ಕಡೆ ಕಂಪ್ಯೂಟರ್‌ನಲ್ಲಿ ಪರೀಕ್ಷೆ. ಕೊನೆಗೆ ಒಬ್ಬೊಬ್ಬರನ್ನೇ ಕೂರಿಸಿ ಸಂದರ್ಶನ.

ಗುಂಪು ಚರ್ಚೆಯಲ್ಲಿ ಗೆಲ್ಲುವವಳು ಜೋರಾಗಿ ಕಿರುಚುವವಳಲ್ಲ. ಬೇರೆಯವರ ಮಾತು ಕೇಳಿ, ಸುಮ್ಮನೆ ಕೂತವಳಿಗೂ 'ನಿಮ್ಮ ಅಭಿಪ್ರಾಯ ಏನು' ಅಂತ ಕೇಳುವವಳನ್ನು ಅವರು ಗುರುತು ಹಾಕಿಕೊಳ್ಳುತ್ತಾರೆ. ಕೊನೆಯ ಸಂದರ್ಶನದಲ್ಲಿ 'ಕುಡಿದ ಪ್ರಯಾಣಿಕ ಬೈದರೆ ಏನು ಮಾಡ್ತೀರಿ', 'ಮಗು ಅಳ್ತಾ ಇದೆ, ಪಕ್ಕದವರು ರೇಗ್ತಾ ಇದ್ದಾರೆ, ಏನು ಮಾಡ್ತೀರಿ' ಅನ್ನುವಂಥ ಪ್ರಶ್ನೆ ಬರುತ್ತವೆ. ಅಪ್ಪನ ಕಿರಾಣಿ ಅಂಗಡಿಯಲ್ಲಿ ಸಂಜೆ ಗಿರಾಕಿ ನೋಡಿಕೊಂಡ ಹುಡುಗಿಗೆ ಇದು ಹೊಸದಲ್ಲ. ಸಾಲ ಕೇಳಿ ಜಗಳಕ್ಕೆ ಬಂದ ಗಿರಾಕಿಯನ್ನು ಹೇಗೆ ಸಮಾಧಾನ ಮಾಡಿದಳು ಅನ್ನುವುದನ್ನು ನೆಟ್ಟಗೆ ಹೇಳಿದರೆ, ಬಾಯಿಪಾಠ ಮಾಡಿದ ಉತ್ತರಕ್ಕಿಂತ ಅದು ಮೇಲು. ಅಂಗಡಿ ಕೆಲಸವನ್ನು ಅರ್ಜಿಯಲ್ಲಿ ಮುಚ್ಚಿಡುವುದು ತಪ್ಪು, ಅದೂ ಗ್ರಾಹಕ ಸೇವೆಯ ಅನುಭವವೇ.

ಮನೆಯಲ್ಲಿ ತಯಾರಿಗೆ ಖರ್ಚಿಲ್ಲ. ದಿನಾ ಒಂದು ಇಂಗ್ಲಿಷ್ ಪೇಪರ್‌ನ ಒಂದು ಸುದ್ದಿ ಗಟ್ಟಿಯಾಗಿ ಓದಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಬೇಕು. ಗೆಳತಿ ಜೊತೆ ದಿನಕ್ಕೆ ಅರ್ಧ ಗಂಟೆ ಹಿಂದಿ, ಅರ್ಧ ಗಂಟೆ ಇಂಗ್ಲಿಷ್ ಮಾತ್ರ. ಆರು ತಿಂಗಳು ಬಿಡದೆ ಮಾಡಿದರೆ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಮೊದಲ ಸಲ ಆಗಲಿಲ್ಲ ಅಂದರೆ ಕಂಪನಿ ಹೇಳಿದಷ್ಟು ತಿಂಗಳು ಬಿಟ್ಟು ಮತ್ತೆ ಹೋಗಬಹುದು. ಮೂರು-ನಾಲ್ಕನೇ ಸಲಕ್ಕೆ ಆಯ್ಕೆಯಾಗುವುದು ಈ ಕ್ಷೇತ್ರದಲ್ಲಿ ಮಾಮೂಲು.

ಮೆಡಿಕಲ್ ಮತ್ತು ತರಬೇತಿ

ಆಯ್ಕೆಯಾದರೆ ವೈದ್ಯಕೀಯ ಪರೀಕ್ಷೆ. ಕಣ್ಣು, ಕಿವಿ, ರಕ್ತ, ಹೃದಯ, ಶ್ವಾಸಕೋಶ ನೋಡುತ್ತಾರೆ. ಫಿಟ್ಸ್, ತೀವ್ರ ಆಸ್ತಮಾದಂಥ ಕಾಯಿಲೆ ಇದ್ದರೆ ಕಷ್ಟ. ಯಾವುದನ್ನೂ ಬಚ್ಚಿಡಬಾರದು, 30 ಸಾವಿರ ಅಡಿ ಮೇಲೆ ಅದರ ಪರಿಣಾಮ ತನಗೂ ಬೇರೆಯವರಿಗೂ ತಟ್ಟುತ್ತದೆ.

ನಂತರ ಕೆಲವು ತಿಂಗಳ ತರಬೇತಿ. ಬೆಂಕಿ ಆರಿಸುವುದು, ಹೊಗೆ ತುಂಬಿದ ಕೋಣೆಯಲ್ಲಿ ದಾರಿ ಹುಡುಕುವುದು, ತುರ್ತು ಬಾಗಿಲು ತೆಗೆದು ಜಾರುಬಂಡೆ ಬಿಡಿಸುವುದು, ನೀರಿಗೆ ಬಿದ್ದರೆ ಜನರನ್ನು ತೇಲುವ ದೋಣಿಗೆ ಹತ್ತಿಸುವುದು, ಪ್ರಥಮ ಚಿಕಿತ್ಸೆ, ಅಪಾಯಕಾರಿ ಸರಕು ಗುರುತಿಸುವುದು, ಭದ್ರತೆ. ವಿಮಾನದ ಅರ್ಧ ಬಾಗಿಲು ಮಾತ್ರ ಬಳಸಿ 90 ಸೆಕೆಂಡಿನಲ್ಲಿ ಎಲ್ಲರನ್ನೂ ಹೊರಗೆ ಕಳಿಸಲು ಸಾಧ್ಯವಾಗಬೇಕು ಅನ್ನುವುದು ವಿಮಾನ ವಿನ್ಯಾಸದ ಅಂತರರಾಷ್ಟ್ರೀಯ ಮಾನದಂಡ. ಕಲಿಸುವುದೆಲ್ಲ ಆ ಒಂದೂವರೆ ನಿಮಿಷಕ್ಕೆ. ಪರೀಕ್ಷೆಯಲ್ಲಿ ಫೇಲಾದರೆ ಕೆಲಸ ಹೋಗುವುದೂ ಉಂಟು. ಪಾಸಾದವರು ಮೊದಲು ಹಿರಿಯರ ಜೊತೆ ಕೆಲವು ಹಾರಾಟ ಮಾಡಿ, ಆಮೇಲೆ ತಂಡಕ್ಕೆ ಸೇರುತ್ತಾರೆ. ಕೆಲಸಕ್ಕೆ ಸೇರಿದ ಮೇಲೂ ವರ್ಷವರ್ಷ ಪರೀಕ್ಷೆ ಇದ್ದೇ ಇರುತ್ತದೆ.

ಸಹಿ ಹಾಕುವ ಮುಂಚೆ ಬಾಂಡ್ ಇದೆಯಾ ನೋಡಬೇಕು. ಇಷ್ಟು ವರ್ಷದೊಳಗೆ ಬಿಟ್ಟರೆ ಇಷ್ಟು ದುಡ್ಡು ಕಟ್ಟಬೇಕು ಅಂತ ಕೆಲವು ಕಡೆ ಇರುತ್ತದೆ. ಇಂಗ್ಲಿಷ್ ಒಪ್ಪಂದ ಅರ್ಥವಾಗದಿದ್ದರೆ ಪರಿಚಯದ ವಕೀಲರಿಗೋ ಮೇಷ್ಟ್ರಿಗೋ ತೋರಿಸುವುದರಲ್ಲಿ ಅವಮಾನ ಇಲ್ಲ.

ಸಂಬಳ ಹೇಗೆ ಲೆಕ್ಕ?

ಜಾಹೀರಾತಿನ ದೊಡ್ಡ ಅಂಕಿ ನೋಡಿ ಮರುಳಾಗಬಾರದು. ಸಂಬಳದಲ್ಲಿ ಎರಡು ಭಾಗ: ತಿಂಗಳಿಗೆ ಇಷ್ಟು ಅಂತ ಗೊತ್ತುಪಡಿಸಿದ್ದು ಒಂದು, ಹಾರಿದ ಗಂಟೆಗೆ ಇಷ್ಟು ಅಂತ ಸಿಗುವುದು ಇನ್ನೊಂದು. ಹಾರಾಟ ಜಾಸ್ತಿ ಇದ್ದ ತಿಂಗಳು ಕೈ ತುಂಬಾ, ಹುಷಾರಿಲ್ಲದೆ ಮನೆಯಲ್ಲಿ ಕೂತ ತಿಂಗಳು ಕಡಿಮೆ. ಗಂಟೆ ಲೆಕ್ಕ ಸಾಮಾನ್ಯವಾಗಿ ವಿಮಾನ ಜಾಗ ಬಿಟ್ಟು ಹೊರಟಾಗಿನಿಂದ ನಿಲ್ಲುವವರೆಗೆ ಮಾತ್ರ. ನಿಲ್ದಾಣದಲ್ಲಿ ಕಾಯುವ ಹೊತ್ತಿಗೆ ಲೆಕ್ಕ ಬೇರೆ. ತರಬೇತಿ ಸಮಯದಲ್ಲಿ ಸ್ಟೈಪೆಂಡ್ ಮಾತ್ರ. ಬೆಂಗಳೂರು, ದೆಹಲಿ, ಮುಂಬೈನಂಥ ಊರಲ್ಲಿ ರೂಮು ಬಾಡಿಗೆ, ಅಡ್ವಾನ್ಸು ಕೈಯಿಂದಲೇ. ಹಾಗಾಗಿ ಕೋರ್ಸಿಗೆ ಲಕ್ಷ ಸುರಿಯುವ ಬದಲು ಮೊದಲ ನಾಲ್ಕು ತಿಂಗಳ ಬಾಡಿಗೆ, ಊಟಕ್ಕೆ ಅಂತ ಸ್ವಲ್ಪ ದುಡ್ಡು ಎತ್ತಿಡುವುದು ಬುದ್ಧಿವಂತಿಕೆ.

ಕಷ್ಟವೂ ಗೊತ್ತಿರಲಿ

ಬೆಳಗ್ಗೆ 5ರ ವಿಮಾನಕ್ಕೆ ರಾತ್ರಿ 2ಕ್ಕೇ ಏಳಬೇಕು. ಯುಗಾದಿ, ದೀಪಾವಳಿ, ಊರ ಜಾತ್ರೆಯಲ್ಲೇ ವಿಮಾನ ತುಂಬಿರುವುದು, ಆಗಲೇ ರಜೆ ಸಿಗುವುದು ಕಷ್ಟ. ಸಿಬ್ಬಂದಿಗೆ ಉಸಿರಿನ ಮದ್ಯ ಪರೀಕ್ಷೆ ಇರುತ್ತದೆ, ಮದ್ಯದ ಅಂಶ ಇರುವ ಮೌತ್‌ವಾಶ್ ಕೂಡ ಬಳಸುವಂತಿಲ್ಲ. ಸೊಂಟ ನೋವು, ನಿದ್ದೆ ಏರುಪೇರು ಸಾಮಾನ್ಯ.

ಕಂಪನಿಯೇ ಮುಚ್ಚಿಹೋಗುವ ಅಪಾಯವೂ ಇದೆ. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ಹಾರಾಟ ನಿಲ್ಲಿಸಿದವು. ಅಲ್ಲಿದ್ದವರು ರಾತ್ರೋರಾತ್ರಿ ಬೇರೆ ಕೆಲಸ ಹುಡುಕಬೇಕಾಯಿತು. ಡಿಗ್ರಿ ಮುಗಿಸಿಕೊಳ್ಳಿ ಅನ್ನುವುದು ಇದಕ್ಕೇ. ದೂರಶಿಕ್ಷಣದಲ್ಲಾದರೂ ಸರಿ, ಕೈಯಲ್ಲಿ ಇನ್ನೊಂದು ದಾರಿ ಇರಬೇಕು.

ಗಲ್ಫ್ ವಿಮಾನದಲ್ಲಿ?

ಎಮಿರೇಟ್ಸ್, ಕತಾರ್ ಏರ್‌ವೇಸ್‌ನಂಥ ಕಂಪನಿಗಳು ಭಾರತೀಯರನ್ನೂ ತೆಗೆದುಕೊಳ್ಳುತ್ತವೆ. ವಯಸ್ಸು ಕನಿಷ್ಠ 21. ತುದಿಗಾಲಲ್ಲಿ ನಿಂತು 212 ಸೆಂ.ಮೀ. ಎತ್ತರ, ಅಂದರೆ ಏಳು ಅಡಿಗೆ ಸ್ವಲ್ಪ ಕಡಿಮೆ, ಮುಟ್ಟಬೇಕು. ಮನೆ ಗೋಡೆ ಮೇಲೆ ಗೆರೆ ಹಾಕಿ ನೋಡಬಹುದು. ಇಂಗ್ಲಿಷ್ ಚೆನ್ನಾಗಿರಬೇಕು. ಹೋಟೆಲ್, ಅಂಗಡಿ, ಇಲ್ಲಿಯ ವಿಮಾನದಲ್ಲಿ ಗ್ರಾಹಕ ಸೇವೆ ಮಾಡಿದ ಅನುಭವ ಇದ್ದರೆ ಅನುಕೂಲ. ಇಲ್ಲಿಯೂ ಅರ್ಜಿ ನೇರವಾಗಿ ಕಂಪನಿಗೆ, ಏಜೆಂಟ್ ಬೇಕಿಲ್ಲ.

ಮೋಸ ಹಿಡಿಯೋದು ಹೇಗೆ?

- ಆಯ್ಕೆಗೆ, ಯೂನಿಫಾರ್ಮ್‌ಗೆ, ಡೆಪಾಸಿಟ್‌ಗೆ ಅಂತ ಫೋನ್‌ಪೇ, ಗೂಗಲ್‌ಪೇಗೆ ದುಡ್ಡು ಹಾಕಿ ಅಂದರೆ ಅದು ಮೋಸ.
- ಸಂದರ್ಶನವೇ ಇಲ್ಲದೆ ಆಫರ್ ಲೆಟರ್ ಬಂದರೆ ಮೋಸ.
- ಕಂಪನಿ ವಿಳಾಸದ ಬದಲು ಜಿಮೇಲ್‌ನಿಂದ ಪತ್ರ ಬಂದರೆ ಅನುಮಾನ ಪಡಬೇಕು.
- ಮೂಲ ಅಂಕಪಟ್ಟಿ ಕೊಟ್ಟು ಹೋಗಿ ಅಂದರೆ ಕೊಡಬಾರದು. ತೋರಿಸಿ ವಾಪಸ್ ಇಸ್ಕೊಳ್ಳಬೇಕು.
- ಪೂರ್ತಿ ಮೈ ಫೋಟೊ, ವಿಡಿಯೊ ವಾಟ್ಸಾಪ್‌ನಲ್ಲಿ ಕಳಿಸಿ ಅನ್ನುವ ಅಪರಿಚಿತರಿಗೆ ಕಳಿಸಲೇಬಾರದು.

ದುಡ್ಡು ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಾಗದೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ಬೇಗ ಹೇಳಿದಷ್ಟೂ ಖಾತೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಠಾಣೆಯಲ್ಲೂ ದೂರು ಕೊಡಬಹುದು.

ಜನ ಹೆಚ್ಚಾಗಿ ಕೇಳೋ ಪ್ರಶ್ನೆಗಳು

*ಕನ್ನಡಕ ಇದ್ದರೆ ಆಗುತ್ತಾ?* ದೃಷ್ಟಿದೋಷ ಮಿತಿಯಲ್ಲಿದ್ದರೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಕೆಲಸ ಮಾಡುವವರು ಬಹಳ ಇದ್ದಾರೆ.

*ಬೆಳ್ಳಗಿರಬೇಕಾ?* ಬೇಕಿಲ್ಲ. ಚರ್ಮ ಸ್ವಚ್ಛ, ಉಡುಗೆ ಅಚ್ಚುಕಟ್ಟು ಇರಬೇಕು. ಬಿಳಿ ಮಾಡುವ ಕ್ರೀಮ್ ಹಚ್ಚಿ ಮುಖ ಕೆಡಿಸಿಕೊಂಡರೆ ಅದೇ ತೊಂದರೆ.

*ಎತ್ತರ ಸಾಲದಿದ್ದರೆ?* ನಿಲ್ದಾಣದ ಕೌಂಟರ್, ಟಿಕೆಟ್, ಸರಕು ವಿಭಾಗ, ಭದ್ರತಾ ತಪಾಸಣೆ ಕೆಲಸಗಳಿವೆ. ಬೆಂಗಳೂರು ಮಾತ್ರವಲ್ಲ, ಹುಬ್ಬಳ್ಳಿ, ಮಂಗಳೂರು, ಬೆಳಗಾವಿ, 2023ರಲ್ಲಿ ಶುರುವಾದ ಶಿವಮೊಗ್ಗ ನಿಲ್ದಾಣದಲ್ಲೂ ನೆಲದ ಮೇಲಿನ ಸಿಬ್ಬಂದಿ ಬೇಕಾಗುತ್ತಾರೆ.

*ಹಳ್ಳಿ ಹುಡುಗಿಗೆ ಸಾಧ್ಯನಾ?* ಹಾಸನ ಜಿಲ್ಲೆಯ ಗೊರೂರಿನಿಂದ ಬಂದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಅನ್ನುವ ವಿಮಾನ ಕಂಪನಿಯನ್ನೇ ಕಟ್ಟಿದರು. ವಿಮಾನದೊಳಗೆ ಒಂದು ಕೆಲಸಕ್ಕೆ ಊರಿನ ಹೆಸರು ಅಡ್ಡ ಬರುವುದಿಲ್ಲ. ಎತ್ತರ ಅಳೆದು, ಪಾಸ್‌ಪೋರ್ಟ್ ಮಾಡಿಸಿ, ಮಾತು ಕಲಿತು, ನೇರವಾಗಿ ಅರ್ಜಿ ಹಾಕಬೇಕು. ಇಷ್ಟಕ್ಕೆ ಪಾಸ್‌ಪೋರ್ಟ್ ಶುಲ್ಕ, ಬಸ್ ಚಾರ್ಜು ಬಿಟ್ಟರೆ ಹೆಚ್ಚು ಖರ್ಚಿಲ್ಲ. ಅಮ್ಮನ ಬಳೆ ಕೈಯಲ್ಲೇ ಇರಲಿ.